ಬಾಲವಿರುವ ಉತ್ತರ

ನಮ್ಮೂರಿನಲ್ಲಿ ಯಾರನ್ನಾದರೂ ನಿಮಗೆ ಮಕ್ಕಳೆಷ್ಟು ಎಂದು ಕೇಳಿ ನೋಡಿ, ಎರಡೂವರೆ ಅನ್ನುತ್ತಾರೆ, ನಾಲ್ಕೂವರೆ ಅನ್ನುತ್ತಾರೆ. ಹೊಸಬರು ನಗುತ್ತಾರೆ. ನಕ್ಕರೆ ನಗಲಿ, ನಮ್ಮ ಗಂಟೇನೂ ಹೋಗುವುದಿಲ್ಲ. ಇಲ್ಲಿ ಪೂರ್ತಿಯಾಗಿ ಎಣಿಸಿದ್ದು ಒಂದು ಕಡಿಮೆಯಾಗುತ್ತದೆ. ಹಸು ಎಣಿಸಿದರೆ ಹಸು, ಹೆಂಚು ಎಣಿಸಿದರೆ ಹೆಂಚು, ಮನುಷ್ಯರನ್ನು ಎಣಿಸಿದರೆ ಮನುಷ್ಯ. ಅದಕ್ಕೇ ಎಲ್ಲದರ ತುದಿಗೂ ಒಂದು ‘ವರೆ’ ಸೇರಿಸಿ ಮಾತಾಡುತ್ತೇವೆ. ಅಂಗಡಿಯಲ್ಲಿ ಅಕ್ಕಿ ತೂಗಿದ ಮೇಲೆ ಒಂದು ಚಿಟಿಕೆ ಮೇಲೆ ಹಾಕಿಯೇ ಕೊಡುವುದು. ಮೈ ಬೆಳೆಸಿಕೊಂಡ ಕೆಲವು ಹೆಂಗಸರು ಬೇಕೆಂದೇ ತಕ್ಕಡಿ ಹತ್ತಿ, ಮುಳ್ಳು ಪೂರ್ತಿ ಕೆಜಿಯ ಮೇಲೆ ಬರುವತನಕ ಸೆರಗು ಸರಿಮಾಡಿಕೊಳ್ಳುತ್ತಾ ನಿಲ್ಲುತ್ತಾರೆಂದು ಹೇಳುವುದುಂಟು. ನಾನು ನೋಡಿಲ್ಲ. ನೋಡಿದ್ದರೂ ಮನೆಯಲ್ಲಿ ನನಗೆ ಊಟ ಬೇಕಲ್ಲ, ಹೆಸರು ಹೇಳುವುದಿಲ್ಲ.

ನನ್ನ ಹೆಸರು ಕೆಂಪಣ್ಣ. ಕಮರಿಯ ಈ ದಡದಲ್ಲಿ ತೊಟ್ಟಿಲಿನ ರಾಟೆ ನೋಡಿಕೊಳ್ಳುವವನು. ಊರಿನ ನಡುವೆ ಕಮರಿ, ಕಮರಿಯ ಮೇಲೆ ಹಗ್ಗ, ಹಗ್ಗಕ್ಕೆ ತೂಗುಬಿಟ್ಟ ತೊಟ್ಟಿಲು. ಆ ಹಗ್ಗದ ತುದಿ ಸುತ್ತಿರುವುದು ನನ್ನ ರಾಟೆಗೆ, ತೊಟ್ಟಿಲನ್ನು ಅತ್ತಿತ್ತ ಎಳೆಯಲು ಬೇರೆ ಹಗ್ಗ. ಮನೆಗಳೆಲ್ಲ ಈಚೆ, ಶಾಲೆ ಆಚೆ. ನಡೆದು ಹೋಗುತ್ತೇನೆಂದರೆ ಕಣಿವೆಗಿಳಿದು ಹತ್ತಿ ಸೇರುವಷ್ಟರಲ್ಲಿ ದಿನವೇ ಮುಗಿಯುತ್ತದೆ. ಹಳೆಯ ನಾರಿನ ಹಗ್ಗ ಇದ್ದಾಗ ಯಾವ ಲೆಕ್ಕವೂ ಇರಲಿಲ್ಲ. ತೊಟ್ಟಿಲು ಭಾರವಾಯಿತೆಂದು ಕೈಗೆ ಅನಿಸಿದರೆ ಒಬ್ಬರನ್ನು ಇಳಿಸುತ್ತಿದ್ದೆವು. ಆ ಹಗ್ಗ ಕೊಳೆತ ಮೇಲೆ ಹೊರಗಿನಿಂದ ಉಕ್ಕಿನ ಹಗ್ಗ ಬಂತು, ಅದರ ಜೊತೆಗೆ ಡಿಸೋಜ ಎಂಬ ಇಂಜಿನಿಯರು ಬಂದರು, ಅವರ ಜೇಬಿನಲ್ಲಿ ಅಂಗೈಯಷ್ಟಗಲದ ಆ ಕ್ಯಾಲ್ಕುಲೇಟರ್ ಬಂತು. ಅಂಗಡಿಯವರು ಕೂಡಿ ಕಳೆಯುವ ಜಾತಿಯದಲ್ಲ. ಮೈತುಂಬ ಗುಂಡಿ, ಗುಂಡಿಯ ಮೇಲೊಂದು ಬರಹ, ಅದರ ನೆತ್ತಿಯ ಮೇಲೆ ಹಳದಿಯಲ್ಲಿ ಇನ್ನೊಂದು ಬರಹ.

“ನಾರಿನ ಹಗ್ಗ ಹೇಳಿ ಕಡಿಯುತ್ತದೆ, ಉಕ್ಕು ಹೇಳದೆ ಕಡಿಯುತ್ತದೆ” ಎಂದರು ಡಿಸೋಜ ಸಾಹೇಬರು. “ಪ್ರತಿ ಸಲ ತೊಟ್ಟಿಲು ಬಿಡುವ ಮೊದಲು ಲೆಕ್ಕ ಹಾಕಬೇಕು. ಯಾರಾದರೂ ಒಬ್ಬರು ಕಲೀಲೇಬೇಕು ಮಾರಾಯ್ರೆ, ನಾನು ಇಲ್ಲಿ ಕೂರ್ಲಿಕ್ಕೆ ಆಗುದಿಲ್ಲ.”

ಊರೆಲ್ಲ ತಲೆ ತಗ್ಗಿಸಿ ನಿಂತಿತು. ಅಂಕಿಗಳ ಗೂಡನ್ನು ಕೈಯಲ್ಲಿ ಹಿಡಿಯುವವರು ಯಾರು? ಹಾವಿನ ಬುಟ್ಟಿ ಹಿಡಿ ಎಂದಿದ್ದರೆ ನಾನೇ ಮುಂದೆ ಬರುತ್ತಿದ್ದೆ. ಕಡೆಗೆ ಊರಿನ ಯಜಮಾನ ಚನ್ನಿಗರಾಯಪ್ಪ ಗಂಟಲು ಸರಿಮಾಡಿಕೊಂಡು, “ಜವರಮ್ಮ ಕಲೀಲಿ. ಅವಳಿಗೆ ಅಂಕಿ ಗೊತ್ತು. ಅವಳ ಪಾಲಿಗೆ ಆಗೋದೆಲ್ಲ ಆಗಿಹೋಗ್ಯದೆ” ಎಂದ. ಆ ಮಾತು ನನಗೆ ಚುಚ್ಚಿತು.

ಜವರಮ್ಮ ಹೊರಗಿನ ಹೆಣ್ಣು. ಎಣಿಸಿದರೆ ಏನೂ ಆಗದ ಊರಿನಲ್ಲಿ ಹುಟ್ಟಿ ಶಾಲೆಗೂ ಹೋದವಳು. ಮದುವೆಯಾಗಿ ಬಂದ ಹೊಸದರಲ್ಲಿ, ಬಸುರಿ ಹೆಂಗಸು, ಒಂದು ಸಂಜೆ ಊಟಕ್ಕೆ ತಟ್ಟೆ ಹಾಕುತ್ತಾ ಕೂತವರನ್ನು ಬಾಯಿಬಿಟ್ಟು ಎಣಿಸಿಬಿಟ್ಟಳು. ತಲೆಯೆತ್ತಿ ನೋಡುವಷ್ಟರಲ್ಲಿ ಗಂಡ ಕೂತಿದ್ದ ಜಾಗದಲ್ಲಿ ತಟ್ಟೆ ಮಾತ್ರ ಇತ್ತು. ಅತ್ತೆ ಅವಳನ್ನು ಬೈಯಲಿಲ್ಲ, ಅದೊಂದು ಪುಣ್ಯ. ಆಮೇಲೆ ಹುಟ್ಟಿದ ಮಗಳಿಗೆ ಸಾಕಮ್ಮ ಎಂದು ಹೆಸರಿಟ್ಟರು. ಸಾಕಿ ಅಂತ ಕರೆಯುತ್ತೇವೆ. ಆ ಮಗಳು ಕಣ್ಣಳತೆ ದಾಟಿದರೆ ಜವರಮ್ಮನಿಗೆ ಉಸಿರು ಕಟ್ಟುತ್ತದೆ. ಅಂಥವಳ ಕೈಗೆ ಆ ಯಂತ್ರ ಕೊಟ್ಟೆವು.

ರಾಟೆಯ ಮನೆಯ ಜಗಲಿಯ ಮೇಲೆ ಪಾಠ ಶುರುವಾಯಿತು. ಜವರಮ್ಮ ಯಂತ್ರವನ್ನು ಸೆರಗಿನಲ್ಲಿ ಸುತ್ತಿ, ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿಯುತ್ತಿದ್ದಳು. ಸಾಹೇಬರು ನಕ್ಕು, “ಎಂತ ಹೆದರಿಕೆ ಮಾರಾಯ್ತಿ, ಇದು ಕಚ್ಚುದಿಲ್ಲ” ಎಂದರೆ, “ಕಚ್ಚಿದ್ರೆ ನನ್ನ ಕಚ್ಲಿ ಸಾಮಿ, ನಂಗೆ ಅದರ ಹೆದರಿಕೆ ಇಲ್ಲ” ಎನ್ನುತ್ತಿದ್ದಳು.

ಕಲಿಯಬೇಕಾದ್ದು ಒಂದೇ ಲೆಕ್ಕ. ತೊಟ್ಟಿಲನ್ನು ತೂಕದ ಹಲಗೆಯ ಮೇಲೆ ನಿಲ್ಲಿಸಿ ಭಾರ ನೋಡುವುದು. ಹಗ್ಗ ಎಷ್ಟು ಬಾಗುತ್ತದೆಂದು ಕಂಬದ ಮೇಲಿನ ಮುಳ್ಳು ತೋರಿಸುತ್ತದೆ, ಅದು ಕೋನ. ಕೋನದ ಸೈನ್ ತೆಗೆದು ಅದನ್ನು ದುಪ್ಪಟ್ಟು ಮಾಡಿ, ಭಾರವನ್ನು ಅದರಿಂದ ಭಾಗಿಸಿದರೆ ಹಗ್ಗದ ಮೇಲೆ ಬೀಳುವ ಎಳೆತ ಬರುತ್ತದೆ. ಆ ಎಳೆತ ಕಂಬದ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಸಾವಿರವನ್ನು ದಾಟಬಾರದು. ಸಾಹೇಬರು ಬರೆದದ್ದು ಸಾವಿರ ಅಂತಲೇ. ಅವರು ಅತ್ತ ತಿರುಗಿದ ಕೂಡಲೇ ನಮ್ಮವರು ಸುಣ್ಣದಲ್ಲಿ ಪಕ್ಕಕ್ಕೊಂದು ಚುಕ್ಕಿ ಇಟ್ಟು ಅರ್ಧ ಸೇರಿಸಿದರು.

ಜವರಮ್ಮ ಮೊದಲು ಎಡವಿದ್ದು ಕಂಸದಲ್ಲಿ. ಕಂಸ ಹಾಕದೆ ಒತ್ತಿದರೆ ಯಂತ್ರ ಭಾರವನ್ನು ಎರಡೂ ಕಡೆ ಹರಿದು ಹಂಚಿಬಿಡುತ್ತಿತ್ತು. “ಅದು ಬಾಗಿಲು ಇದ್ದ ಹಾಗೆ. ಒಳಗೆ ಹೋದ ಮೇಲೆ ಹಾಕ್ಕೊಳ್ಬೇಕು” ಎಂದರು ಸಾಹೇಬರು. ಅಲ್ಲಿಂದಾಚೆಗೆ ಅವಳು ಕಂಸ ಒತ್ತುವಾಗ ‘ಬಾಗ್ಲು ತಗಿ, ಬಾಗ್ಲು ಹಾಕು’ ಎಂದು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ಉತ್ತರ ಬಂದರೆ ಒಮ್ಮೆ ನೋಡಿ, ತಟ್ಟನೆ ಅಳಿಸಿ, ಸೆರಗು ಮುಚ್ಚಿಬಿಡುವಳು. ಸಾಹೇಬರು ಇನ್ನೊಂದು ಮಾತು ಹೇಳಿದ್ದರು: “ಮೇಲೆ ಮೂಲೆಯಲ್ಲಿ ಸಣ್ಣ ಅಕ್ಷರ ಉಂಟಲ್ಲ, ಡಿಗ್ರಿಯ ಡಿ. ಅದು ಡಿ ಆಗಿಯೇ ಇರಬೇಕು. ದಿನಾ ಬೆಳಿಗ್ಗೆ ಮೂವತ್ತರ ಸೈನ್ ಒತ್ತಿ ನೋಡು. ಅರ್ಧ ಬರಬೇಕು. ಬರದಿದ್ರೆ ಯಂತ್ರ ಬೇರೆ ಭಾಷೆಯಲ್ಲಿ ಮಾತಾಡ್ತಾ ಉಂಟು ಅಂತ ಅರ್ಥ.” ಅರ್ಧ ಎಂದು ಕೇಳಿ ಅವಳ ಮುಖದಲ್ಲಿ ಮೊದಲ ಬಾರಿ ನಗು ಕಂಡಿತು. ಅರ್ಧ ಬರುವ ಲೆಕ್ಕವಾದರೆ ಅದು ನಮ್ಮೂರ ಲೆಕ್ಕವೇ ಅಲ್ಲವೇ.

ಆದರೆ ಸಾಹೇಬರು ಹೊರಡುವ ದಿನ ಒಂದು ಅನಾಹುತವಾಯಿತು. ಕೊನೆಯ ಪರೀಕ್ಷೆ ಎಂದು ಅವರೇ ಇಪ್ಪತ್ತನಾಲ್ಕು ಕೆಜಿ ಭಾರ, ಮೂವತ್ತರ ಕೋನ ಎಂದು ಕೊಟ್ಟು ಒತ್ತಿಸಿದರು. ಉತ್ತರ ಇಪ್ಪತ್ತನಾಲ್ಕೇ ಬಂತು. ಬಾಲವಿಲ್ಲ, ಚಿಲ್ಲರೆಯಿಲ್ಲ, ಬೋಳು ಸಂಖ್ಯೆ. ಜವರಮ್ಮ ಯಂತ್ರವನ್ನು ಜಗಲಿಯ ಮೇಲೆ ಕೈಬಿಟ್ಟಳು. ಸಾಹೇಬರು ‘ಸರಿಯಾಗಿಯೇ ಉಂಟಲ್ಲ’ ಎಂದು ಬೆನ್ನು ತಟ್ಟಿ ಗಾಡಿ ಹತ್ತಿದರು. ಅವರು ಹೋಗಿ ಅರೆಗಳಿಗೆ ಆಗಿಲ್ಲ, ಕುರಿ ಕಾಯುವ ಈರಯ್ಯ ಎದೆ ಬಡಿದುಕೊಳ್ಳುತ್ತಾ ಬಂದ. ಅವನ ಕಿವಿ ಹರಿದ ಕುರಿ ಇಲ್ಲ. ತೋಳ ಹಿಡಿದಿದ್ದರೆ ರಕ್ತ ಇರಬೇಕಿತ್ತು, ಕಳ್ಳ ಹೊತ್ತಿದ್ದರೆ ಹೆಜ್ಜೆ ಇರಬೇಕಿತ್ತು. ಈರಯ್ಯನ ಹಿಂಡಿನಲ್ಲಿ ಎಷ್ಟು ಕುರಿ ಇದ್ದವೆಂದು ಯಾರಿಗೆ ಗೊತ್ತು? ಬೋಳು ಸಂಖ್ಯೆಗೆ ಗೊತ್ತಿತ್ತು. ಅದು ತನ್ನಷ್ಟಿರುವ ಹಿಂಡನ್ನು ಹುಡುಕಿಕೊಂಡು ಹೋಗಿತ್ತು.

ಆವತ್ತಿನಿಂದ ಊರಿಗೆ ಊರೇ ರಾಟೆಯ ಮನೆಯ ಮುಂದೆ ನಿಲ್ಲತೊಡಗಿತು. ಜವರಮ್ಮ ಗುಂಡಿ ಒತ್ತಿದರೆ ತಾಯಂದಿರು ಮಕ್ಕಳನ್ನು ಮಡಿಲಿಗೆ ಎಳೆದುಕೊಳ್ಳುತ್ತಿದ್ದರು. ಉತ್ತರಕ್ಕೆ ಬಾಲ ಇದೆಯೇ ಎಂದು ಕೇಳುವುದು, ಇದೆ ಎಂದರೆ ಉಸಿರು ಬಿಡುವುದು. ಒಂದು ಬೆಳಿಗ್ಗೆ ಅವಳ ಬೆವೆತ ಹೆಬ್ಬೆರಳು ಜಾರಿ ಯಾವುದೋ ಗುಂಡಿಯ ಮೇಲೆ ಬಿತ್ತು, ಅದರ ಹಿಂದೆ ಇನ್ನೊಂದರ ಮೇಲೆ. ಮೂಲೆಯಲ್ಲಿದ್ದ ಡಿ ಹೋಗಿ ಆರ್ ಬಂತು. ಅಲ್ಲಿಂದ ಏನು ಒತ್ತಿದರೂ ಚುಕ್ಕಿಯ ಮುಂದೆ ಅಂಕಿಗಳ ಮೆರವಣಿಗೆ. ಒಂದಾದರೂ ಪೂರ್ತಿ ಬರಬೇಕಲ್ಲ, ಬರಲಿಲ್ಲ. ಯಂತ್ರದ ಕಿಟಕಿ ತುಂಬುವಷ್ಟು ಉದ್ದ ಬಾಲ.

“ಇದು ಸರಿ ಇಲ್ಲ ಯಜಮಾನ್ರೆ. ಮೂವತ್ತಕ್ಕೆ ಅರ್ಧ ಬತ್ತಾ ಇಲ್ಲ. ಸಾಹೇಬ್ರು ಡಿ ಇರ್ಬೇಕು ಅಂದಿದ್ರು” ಎಂದಳು ಜವರಮ್ಮ.

“ಸಾಹೇಬ್ರು ಅವರೂರಿಗೆ ಹೋದ್ರು, ಕುರಿ ಹೋಗಿದ್ದು ನಮ್ಮೂರಿಂದ” ಎಂದ ಚನ್ನಿಗರಾಯಪ್ಪ. “ಇದೇ ಅಕ್ಷರ ಇರ್ಲಿ. ಇದರಲ್ಲಿ ಬಾಲ ಬತ್ತದೆ.”

ಈರಯ್ಯ ಮಾತ್ರ ಗೊಣಗಿದ: “ಆರು ಅಂದ್ರೆ ಅದೂ ಪೂರ್ತಿ ಸಂಖ್ಯೆನೇ ಅಲ್ವಾ?” ಅದೂ ನಿಜವೇ. ಹಾಗಾಗಿ ಆ ಅಕ್ಷರಕ್ಕೆ ಆರೂವರೆ ಎಂದು ಹೆಸರಿಟ್ಟೆವು. ಯಂತ್ರ ಆರೂವರೆಯಲ್ಲಿ ಇದೆಯೇ ಎಂದು ನೋಡುವುದು ಎಲ್ಲರ ಕೆಲಸವಾಯಿತು. ಕೆಲವು ಸಲ ಉತ್ತರದ ಹಿಂದೆ ಮೈನಸ್ ಗೆರೆ ಬರುತ್ತಿತ್ತು. ಎಳೆತ ಸೊನ್ನೆಗಿಂತ ಕೆಳಗೆ ಹೋಗಿದೆ, ಹಗ್ಗಕ್ಕೆ ಭಾರವೇ ಗೊತ್ತಾಗುತ್ತಿಲ್ಲ ಎಂದು ನಾವು ಖುಷಿಪಟ್ಟೆವು. ಜವರಮ್ಮ ಒಬ್ಬಳೇ ಖುಷಿಪಡಲಿಲ್ಲ. “ಕೆಂಪಣ್ಣ, ಭಾರ ಹಾಕಿದ್ರೆ ಹಗ್ಗ ಹೆಂಗೆ ಹಗುರ ಆಯ್ತದೆ?” ಎಂದು ನನ್ನನ್ನು ಕೇಳಿದಳು. ದೇವರು ದೊಡ್ಡವನು ಎಂದೆ. ಹಾಗೆ ಹೇಳದೆ ಬೇರೇನು ಹೇಳಲಿ, ನನಗೂ ಬಾಲವೇ ಬೇಕಾಗಿತ್ತು.

ಬಹಳ ದಿನ ಏನೂ ಆಗಲಿಲ್ಲ. ಜನ ಸ್ವಲ್ಪ ಸ್ವಲ್ಪವೇ ಹೋಗಿಬರುತ್ತಿದ್ದರು, ಹಗ್ಗ ತಾಳಿಕೊಳ್ಳುತ್ತಿತ್ತು. ಆಮೇಲೆ ಆ ಬೆಳಿಗ್ಗೆ ಬಂತು.

ಶಾಲೆಗೆ ಯಾರೋ ದೊಡ್ಡವರು ಬರುತ್ತಾರೆ, ಮಕ್ಕಳೆಲ್ಲ ಹೊತ್ತಿಗೆ ಮುಂಚೆ ಇರಬೇಕೆಂದು ಆಚೆ ದಡದ ಮೇಷ್ಟ್ರು ಹೇಳಿಕಳಿಸಿದ್ದರು. ಯಾವಾಗಲೂ ಮಕ್ಕಳನ್ನು ಗುಂಪು ಮಾಡಿ ಸರದಿಯಲ್ಲಿ ಕಳಿಸುವುದು ರೂಢಿ. ಅಂದು ಚನ್ನಿಗರಾಯಪ್ಪ, “ಎಲ್ಲರನ್ನೂ ಒಂದೇ ಸಲ ಹತ್ತಿಸಿ ನೋಡು, ಯಂತ್ರ ಏನು ಹೇಳ್ತದೆ” ಎಂದ. ತಲೆಗೆ ಎಣ್ಣೆ ಹಚ್ಚಿಕೊಂಡ ಮಕ್ಕಳು ಒಬ್ಬರ ಮೇಲೊಬ್ಬರು ಏರಿ ತೊಟ್ಟಿಲು ತುಂಬಿದರು. ಸಾಕಿ ಅಂಚಿನಲ್ಲಿ ಅಮ್ಮನ ಕಡೆ ಮುಖ ಮಾಡಿ ನಿಂತಿದ್ದಳು. ಭಾರ ನಾನೂರರ ಮೇಲೆ ಅರ್ಧ. ಮುಳ್ಳು ಎಂಟೂವರೆಗೆ ನಿಲ್ಲುತ್ತದೆಂದು ನಮಗೆ ಅಭ್ಯಾಸದಿಂದ ಗೊತ್ತಿತ್ತು. ಜವರಮ್ಮ ಬಾಗಿಲು ತೆಗೆದು ಬಾಗಿಲು ಹಾಕಿ ಒತ್ತಿದಳು. ಇನ್ನೂರೈವತ್ತು ಚಿಲ್ಲರೆ. ಕೆಂಪು ಸಾವಿರ ಎಲ್ಲಿ, ಇದೆಲ್ಲಿ. ಮೊಮ್ಮಕ್ಕಳನ್ನೂ ಅಜ್ಜಿಯರನ್ನೂ ಸೇರಿಸಿ ಕಳಿಸಬಹುದಿತ್ತು.

“ಯಾಕೋ ಬ್ಯಾಡ ಅನ್ನಿಸ್ತದೆ” ಎಂದಳು ಜವರಮ್ಮ. “ಅನ್ನಿಸೋದಕ್ಕೆಲ್ಲ ಬೆಲೆ ಕೊಡೋದಾದ್ರೆ ಯಂತ್ರ ಯಾಕೆ ತಾಯಿ?” ಎಂದ ಯಜಮಾನ. ಆಚೆಯವರು ಎಳೆಯತೊಡಗಿದರು. ತೊಟ್ಟಿಲು ಕಮರಿಯ ಮೇಲೆ ತೇಲಿತು.

ನಡುವಿಗೆ ಹೋಗುವಷ್ಟರಲ್ಲಿ ಟಣ್ ಎಂದು ಒಂದು ಸದ್ದು. ನನ್ನ ರಾಟೆಯ ಪಕ್ಕದಲ್ಲೇ ಹಗ್ಗದ ಒಂದು ಎಳೆ ಕಿತ್ತು, ಸುರುಳಿ ಸುತ್ತಿಕೊಂಡು ಮೇಲಕ್ಕೆದ್ದಿತು. ಆಮೇಲೆ ಇನ್ನೊಂದು. ರಾಟೆ ಕಟ್ಟಿದ ಕಲ್ಲು ಅಂಗಾಲಿನ ಕೆಳಗೆ ನಡುಗಿತು. ಆಚೆಯವರೂ ಸದ್ದು ಕೇಳಿ ಎಳೆಯುವುದನ್ನು ನಿಲ್ಲಿಸಿದರು. ತೊಟ್ಟಿಲು ನಟ್ಟನಡುವೆ ನಿಂತಿತು, ಮಕ್ಕಳು ಇನ್ನೂ ನಗುತ್ತಿದ್ದವು. ಇಷ್ಟು ವರ್ಷ ಆ ಕಮರಿಯ ಅಂಚಿನಲ್ಲಿ ಕೆಲಸ ಮಾಡಿದ್ದೇನೆ, ಅದರ ಆಳ ನೋಡಿ ಹೆದರಿದ್ದು ಅವತ್ತೇ.

“ಬಿಗಿ ಮಾಡ್ರೋ, ಹಗ್ಗ ಬಿಗಿ ಮಾಡಿ” ಎಂದು ಯಾರೋ ಕೂಗಿದರು. ನಾವು ರಾಟೆಯ ಹಿಡಿಗೆ ಎದೆ ಕೊಟ್ಟು ಒಂದು ಗೇಣು ಸುತ್ತಿದೆವಷ್ಟೇ, ಮತ್ತೊಂದು ಎಳೆ ಟಣ್ ಎಂದಿತು. ಕೈ ತೆಗೆದುಬಿಟ್ಟೆವು.

ಜವರಮ್ಮ ಮತ್ತೆ ಒತ್ತಿದಳು. ಮತ್ತೆ ಇನ್ನೂರೈವತ್ತು ಚಿಲ್ಲರೆ. ಕಣ್ಣ ಮುಂದೆ ಹಗ್ಗ ಹರಿಯುತ್ತಿದೆ, ಕೈಯಲ್ಲಿ ಯಂತ್ರ ಎಲ್ಲ ಸುಖ ಎನ್ನುತ್ತಿದೆ. ಮೂವತ್ತರ ಸೈನ್ ಒತ್ತಿ ನಮ್ಮ ಕಡೆ ಹಿಡಿದಳು. ಮೈನಸ್ ಗೆರೆ, ಅದರ ಮುಂದೆ ಏನೇನೋ. “ನೋಡಿ, ಅರ್ಧ ಎಲ್ಲದೆ? ಇದು ನಮ್ಮ ಭಾಷೆ ಆಡ್ತಾ ಇಲ್ಲ. ಇಷ್ಟು ದಿನವೂ ಆಡಿಲ್ಲ” ಎಂದು ಹೇಳಿ ಅಕ್ಷರ ಬದಲಿಸುವ ಮೋಡ್ ಗುಂಡಿಗೆ ಬೆರಳಿಟ್ಟಳು. ಹಿಂದಿನಿಂದ ಹೆಂಗಸರು, “ಬ್ಯಾಡ ಕಣವ್ವ, ಆರೂವರೆ ತಗೀಬ್ಯಾಡ. ಈಗ ಪೂರ್ತಿ ಬಂದ್ರೆ ಅಲ್ಲಿರೋರಲ್ಲಿ ಯಾರು ಹೋಯ್ತಾರೋ” ಎಂದು ಅವಳ ತೋಳು ಹಿಡಿದರು. ಅವಳು ಕೊಡವಿಕೊಂಡಳು. ಮೂಲೆಯಲ್ಲಿ ಡಿ ಬಂತು. ಎಂಟೂವರೆಗೆ ಮತ್ತೆ ಲೆಕ್ಕ ಹಾಕಿದಳು. ಸಾವಿರದ ಮುನ್ನೂರ ಐವತ್ತನಾಲ್ಕು ಚಿಲ್ಲರೆ.

ಬಾಲ ಇತ್ತು, ಆದರೆ ಅದನ್ನು ನೋಡಿ ಯಾರೂ ಉಸಿರು ಬಿಡಲಿಲ್ಲ.

ಆಗ ಚನ್ನಿಗರಾಯಪ್ಪ ಮುಂದೆ ಬಂದ. ಅವನ ಮನೆಯ ಮಕ್ಕಳು ಆ ತೊಟ್ಟಿಲಲ್ಲಿ ಇರಲಿಲ್ಲ, ಅವರೆಲ್ಲ ದೊಡ್ಡವರು. ದನಿ ತಗ್ಗಿಸಿ, “ಎಲ್ಲಾರೂ ಹೋಗೋದಕ್ಕಿಂತ ಒಬ್ಬರು ಹೋಗೋದು ಮೇಲು. ಎಣಿಸಿಬಿಡಾನ” ಎಂದ. ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತೊಟ್ಟಿಲಲ್ಲಿರುವ ಮಕ್ಕಳನ್ನು ಇಲ್ಲಿಂದ ಎಣಿಸಿದರೆ ಒಂದು ಮಗು ಇಲ್ಲವಾಗುತ್ತದೆ, ಅಷ್ಟು ಭಾರ ಇಳಿಯುತ್ತದೆ. ಯಾವ ಮಗು ಎಂದು ಯಾರೂ ಆರಿಸುವ ಹಾಗಿಲ್ಲ. ಒಬ್ಬ ತಂದೆ ನೆಲದ ಮೇಲೆ ಕುಕ್ಕರಿಸಿ ಎರಡೂ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡ. ತನ್ನ ಬಾಯಿಯ ಮೇಲೇ ಅವನಿಗೆ ನಂಬಿಕೆ ಇರಲಿಲ್ಲ. ಒಬ್ಬ ತಾಯಿ ತೊಟ್ಟಿಲಿಗೆ ಬೆನ್ನು ತಿರುಗಿಸಿ ನಿಂತಳು, ಕಣ್ಣು ತಾನಾಗಿಯೇ ಎಣಿಸಿಬಿಟ್ಟೀತೆಂದು.

“ಒಂದು ಮಗು ಅಂದ್ರೆ ಇಪ್ಪತ್ತೂವರೆ ಕೆಜಿ” ಎಂದಳು ಜವರಮ್ಮ. ಅವಳ ದನಿ ನನಗೆ ಗುರುತೇ ಸಿಗಲಿಲ್ಲ. ಬೆರಳು ಗುಂಡಿಗಳ ಮೇಲೆ ಓಡಿತು. “ಅಷ್ಟು ಕಳೆದ್ರೂ ಸಾವಿರದ ಇನ್ನೂರ ಎಂಬತ್ತೈದು ಚಿಲ್ಲರೆ. ಸಾಲಾಕಿಲ್ಲ ಯಜಮಾನ್ರೆ. ಮತ್ತೆ ಎಣಿಸ್ಬೇಕು. ಮತ್ತೂ ಎಣಿಸ್ಬೇಕು. ಐದೂವರೆ ಸಲ ಎಣಿಸ್ಬೇಕು. ನೀವೇ ನಿಂತ್ಕಂಡು ಎಣಿಸ್ತೀರಾ?”

ಚನ್ನಿಗರಾಯಪ್ಪ ಹೆಗಲ ಮೇಲಿನ ವಲ್ಲಿ ತೆಗೆದು ಮುಖ ಒರೆಸಿಕೊಂಡ.

ಅವಳು ಮಂಡಿಯೂರಿ ಯಂತ್ರವನ್ನು ತೂಕದ ಹಲಗೆಯ ಮೇಲಿಟ್ಟಳು. ಭಾರವನ್ನು ಬದಲಿಸಲಿಲ್ಲ, ಕೋನವನ್ನು ಬದಲಿಸಿದಳು. ಎಂಟೂವರೆಯ ಜಾಗದಲ್ಲಿ ಏಳೂವರೆ ಹಾಕಿದಳು, ಉತ್ತರ ಏರಿತು. ಹತ್ತೂವರೆ ಹಾಕಿದಳು, ಇಳಿಯಿತು. ಒಂದು ಕ್ಷಣ ಬೆರಳು ಗಾಳಿಯಲ್ಲೇ ನಿಂತಿತು. ಹನ್ನೆರಡೂವರೆ ಹಾಕಿದಳು, ಕೆಂಪು ಗೆರೆಯ ಕೆಳಗೆ ಬಂತು. ಹದಿನಾಲ್ಕೂವರೆ ಹಾಕಿದಾಗ ಅಂಕಿ ಎ‍ಂಟುನೂರರ ಹತ್ತಿರ ಹೋಗುತ್ತಿದೆಯೆಂದು ನಮಗೂ ಗೊತ್ತಾಯಿತು, ಪೂರ್ತಿ ಎಂಟುನೂರು ಬಂದರೆ ಗತಿಯೇನು ಎಂದು ಹೆಂಗಸರು ಕಿವಿ ಮುಚ್ಚಿಕೊಂಡರು. ಏಳುನೂರ ತೊಂಬತ್ತೊಂಬತ್ತು, ಮುಂದೆ ಬಾಲ. ಅವಳು ಎದ್ದು ನಿಂತಳು.

“ಕೆಂಪಣ್ಣ, ಹಗ್ಗ ಬಿಡು.”

ನನಗೆ ಕೇಳಿಸಿತು, ಕೇಳಿಸದವನ ಹಾಗೆ ನಿಂತೆ. ಅಷ್ಟು ಮಕ್ಕಳು ತೂಗುತ್ತಿರುವ ಹಗ್ಗವನ್ನು ಬಿಡು ಎಂದರೆ ಏನು ಮಾತು. “ಬಿಗಿ ಇದ್ದಷ್ಟೂ ಹಗ್ಗಕ್ಕೆ ನೋವು. ಬಾಗಾಕೆ ಬಿಟ್ರೆ ತಡ್ಕತದೆ. ಮುಳ್ಳು ಹದಿನಾಲ್ಕೂವರೆಗೆ ಬರೋಗಂಟ ಬಿಡಿ” ಎಂದಳು. ರಾಟೆಯ ಹಿಡಿ ಹಿಡಿದಿದ್ದವರು ಯಾರೂ ಅಲುಗಲಿಲ್ಲ. ಅವಳು ನನ್ನ ಕಣ್ಣು ನೋಡಿ, “ನನ್ನ ಮಗಳೂ ಅದ್ರಲ್ಲೇ ಅವ್ಳೆ” ಎಂದಳು. ಆಮೇಲೆ ಯಾರನ್ನೂ ಕೇಳದೆ ಬಂದು, ರಾಟೆಯನ್ನು ತಡೆದು ಹಿಡಿದಿದ್ದ ಕಬ್ಬಿಣದ ಗೂಟವನ್ನು ಎರಡೂ ಕೈಯಿಂದ ಹಿರಿದುಬಿಟ್ಟಳು.

ಹಿಡಿ ನನ್ನ ಪಕ್ಕೆಗೆ ಬಡಿಯಿತು. ಹಲ್ಲು ಕಚ್ಚಿ ಹಿಡಿದುಕೊಂಡೆವು, ಹಿಡಿದು ಬಿಟ್ಟು, ಹಿಡಿದು ಬಿಟ್ಟು. ನಡುವಿನಲ್ಲಿ ತೊಟ್ಟಿಲು ಕುಸಿಯಿತು. ಅಲ್ಲಿಯತನಕ ನಗುತ್ತಿದ್ದ ಮಕ್ಕಳು ಕಿರುಚಿದ ಕಿರುಚು ಇವತ್ತಿಗೂ ನಾನು ಅನ್ನ ಬಾಯಿಗಿಡುವಾಗ ಕೇಳಿಸುತ್ತದೆ. ತೊಟ್ಟಿಲು ಇಳಿಯಿತು, ಇನ್ನೂ ಇಳಿಯಿತು, ಕಮರಿಯ ಗೋಡೆಯ ಮರೆಗೆ ಹೋಗಿ ಬರೀ ಹಗ್ಗ ಕಾಣುವಷ್ಟು ಇಳಿಯಿತು. ಒಬ್ಬ ತಾಯಿ ಜವರಮ್ಮನ ಬೆನ್ನ ಮೇಲೆ ಗುದ್ದತೊಡಗಿದಳು. ಜವರಮ್ಮ ಅದನ್ನು ಲಕ್ಷ್ಯಕ್ಕೇ ತಂದುಕೊಳ್ಳಲಿಲ್ಲ, ಮುಳ್ಳನ್ನೇ ನೋಡುತ್ತಿದ್ದಳು. “ಇನ್ನೂ. ಇನ್ನೂ. ಸಾಕು” ಎಂದಳು. ಗೂಟವನ್ನು ಮತ್ತೆ ಹಾಕಿದೆವು.

ನಾವು ಇನ್ನೊಂದು ಟಣ್ ಎನ್ನುವುದನ್ನು ಕಾದೆವು. ಅದು ಬರಲಿಲ್ಲ. ಹಗ್ಗ ಜೋಲಿಯ ಹಾಗೆ ಬಾಗಿ ಸುಮ್ಮನೆ ತೂಗುತ್ತಿತ್ತು. ಜವರಮ್ಮ ಆಚೆ ದಡಕ್ಕೆ, “ನಿಧಾನಕ್ಕೆ ಎಳೀರಿ” ಎಂದು ಕೂಗಿದಳು. ಅವರು ಮೆಲ್ಲಮೆಲ್ಲನೆ ಎಳೆದರು. ಎಷ್ಟು ಹೊತ್ತು ಎಂದು ಕೇಳಬೇಡಿ, ನಮ್ಮೂರಲ್ಲಿ ಅದನ್ನೂ ಎಣಿಸುವುದಿಲ್ಲ.

ಎಲ್ಲರೂ ಇಳಿದರೇ ಎಂದು ತಿಳಿಯಲು ನಮಗಿರುವುದು ಒಂದೇ ದಾರಿ. ಆಚೆ ದಡಕ್ಕೆ ಕಾಲಿಟ್ಟ ಮಗು ತನ್ನ ಹೆಸರನ್ನು ತಾನೇ ಕೂಗುತ್ತದೆ. ಅವತ್ತು ಒಂದೊಂದು ಹೆಸರು ಕಮರಿ ದಾಟಿ ಬಂದಾಗಲೂ ಈಚೆ ನಿಂತ ಒಬ್ಬ ತಾಯಿ ನೆಲಕ್ಕೆ ಕೂರುತ್ತಿದ್ದಳು. ಬೆನ್ನಿಗೆ ಗುದ್ದಿದವಳೂ ಕೂತಳು. ಹೆಸರುಗಳು ನಿಂತವು. ಜವರಮ್ಮ ಒಬ್ಬಳೇ ನಿಂತಿದ್ದಳು.

ಆ ಹೊತ್ತಿನಲ್ಲಿ ಯಾರೋ ಮನಸ್ಸಿನೊಳಗೇ ಎಣಿಸಿಬಿಟ್ಟಿರಬೇಕು ಎಂದುಕೊಂಡೆ. ನನ್ನ ತಲೆಯೊಳಗೇ ಹುಡುಕಿ ನೋಡಿದೆ, ನಾನೇ ಎಣಿಸಿದೆನೇ ಎಂದು. ಎಲ್ಲರೂ ಹಾಗೇ ಹುಡುಕಿಕೊಳ್ಳುತ್ತಿದ್ದರು, ಅದು ಅವರ ಮುಖದಲ್ಲಿ ಕಾಣುತ್ತಿತ್ತು. ಬಾರದೇ ಇದ್ದದ್ದು ಸಾಕಿಯ ಹೆಸರು. ಆಗ ಆಚೆಯಿಂದ ಮೇಷ್ಟ್ರ ದನಿ ಬಂತು.

“ನಿಮ್ಮ ಮಗಳು ಇಳೀತಾ ಇಲ್ಲ ತಾಯಿ. ತೊಟ್ಟಿಲಲ್ಲೇ ಕೂತವ್ಳೆ. ವಾಪಸ್ ಎಳೀರಿ, ನಮ್ಮಮ್ಮನ್ನ ಒಂದು ಮಾತು ಕೇಳ್ಬೇಕು ಅಂತಾಳೆ.”

ನಾವೆಲ್ಲ ಗಟ್ಟಿಯಾಗಿ ನಕ್ಕೆವು, ನಗು ಅಳುವಿನ ಹಾಗೆ ಕೇಳಿಸಿತು. ಜವರಮ್ಮ ನಗಲಿಲ್ಲ. ಎಳೆ ಹರಿದ ಹಗ್ಗದ ಮೇಲೆ ಮಗಳು ಮತ್ತೆ ಬರಬೇಕು. ನಡೆದು ಬರಲಿ ಎಂದು ಹೆಂಗಸರು ಹೇಳಿದರು, ಆಚೆಯವರೂ ಹೇಳಿ ನೋಡಿದರು, ಆ ಮೊಂಡು ಹುಡುಗಿ ಕೇಳಲಿಲ್ಲ. ಖಾಲಿ ತೊಟ್ಟಿಲು, ಒಂದು ಮಗು, ಎಪ್ಪತ್ತೂವರೆ ಕೆಜಿ. ಜವರಮ್ಮ ಒತ್ತಿದಳು. ನೂರ ನಲವತ್ತು ಚಿಲ್ಲರೆ ಬಂತು. ಅಳಿಸಿ ಮತ್ತೆ ಒತ್ತಿದಳು, ಮೂಲೆಯ ಅಕ್ಷರ ನೋಡಿದಳು, ಮತ್ತೆ ಒತ್ತಿದಳು. ಊರಿನ ಮಕ್ಕಳೆಲ್ಲ ತೂಗುತ್ತಿದ್ದಾಗ ತಪ್ಪದೆ ಒತ್ತಿದ ಬೆರಳು ಈಗ ಕಂಸದ ಬಾಗಿಲಲ್ಲೇ ಎಡವುತ್ತಿತ್ತು. “ಸಾಕು ಬಿಡವ್ವ, ಅದು ಅಷ್ಟೇ ಹೇಳೋದು” ಎಂದು ನಾನು ಎಳೆಯುವ ಹಗ್ಗಕ್ಕೆ ಕೈ ಹಾಕಿದೆ. ಅವಳು ನನ್ನನ್ನು ಸರಿಸಿ ಮುಂದೆ ನಿಂತು ತಾನೇ ಎಳೆದಳು.

ತೊಟ್ಟಿಲು ಈ ದಡಕ್ಕೆ ತಾಗಿತು. ಸಾಕಿ ಅದರೊಳಗೆ ನೆಟ್ಟಗೆ ನಿಂತಿದ್ದಳು, ಕೂದಲೆಲ್ಲ ಮುಖದ ಮೇಲೆ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಜವರಮ್ಮ ಒಂದು ಕೈ ಚಾಚಿದಳು, ಇನ್ನೊಂದು ಕೈಯಲ್ಲಿ ಯಂತ್ರ ಹಾಗೇ ಇತ್ತು. ಹುಡುಗಿ ಕೈ ಹಿಡಿಯಲಿಲ್ಲ.

“ಯಾಕಮ್ಮ ಕೈಬಿಟ್ಟೆ?” ಎಂದಳು. “ನಾನು ನೋಡ್ತಿದ್ದೆ. ಗೂಟ ಕಿತ್ತಿದ್ದು ನೀನೇಯ.”

“ಬಿಟ್ರೆ ಹಗ್ಗಕ್ಕೆ ಎಳೆತ ಕಮ್ಮಿ ಆಯ್ತದೆ ಕಂದ. ಇದ್ರಲ್ಲಿ ನೋಡಿದೆ.”

“ಇದ್ರಲ್ಲಿ ಬ್ಯಾಡ. ನಿಂಗೆ ಗೊತ್ತಿತ್ತಾ, ನಾವು ಬೀಳಾಕಿಲ್ಲ ಅಂತ?”

ಇಡೀ ಊರು ಜವರಮ್ಮನ ಬಾಯಿ ನೋಡುತ್ತಾ ನಿಂತಿತು. ಗೊತ್ತಿತ್ತು ಎಂದರೆ ಮುಗಿದುಹೋಗುತ್ತಿತ್ತು. ನಾನಾಗಿದ್ದರೆ ಹಾಗೇ ಹೇಳಿ ಮಗುವನ್ನು ಎತ್ತಿಕೊಂಡು ಮನೆಗೆ ಹೋಗುತ್ತಿದ್ದೆ, ಮಕ್ಕಳಿಗೆ ಹೇಳುವುದು ಅದನ್ನೇ ತಾನೇ.

“ಇಲ್ಲ” ಎಂದಳು. “ಗೊತ್ತಿರ್ಲಿಲ್ಲ. ಭಯ ಆಗಿ ಸತ್ತೇ ಹೋಗಿದ್ದೆ.”

ಸಾಕಿ ಬಾಗಿ ಅಮ್ಮನ ಕೈಯಲ್ಲಿದ್ದ ಯಂತ್ರವನ್ನು ಕಿತ್ತುಕೊಂಡು ತನ್ನ ಲಂಗದ ಮಡಿಲಿಗೆ ಹಾಕಿಕೊಂಡಳು. ಆಮೇಲೆ ಖಾಲಿಯಾದ ಆ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು ಇಳಿದಳು, ಇಳಿದ ಮೇಲೆ ಅತ್ತಳು.